ಕುವೊ ಮೇಷ್ಟ್ರ ಹುಲಿ

ಮಗಳ ತಲೆ ಬಾಚುವಾಗ ಕುವೊ ಮೇಷ್ಟ್ರ ಬೆರಳಿಗೆ ಅವಳ ಕಿವಿಯ ಕೆಳಗೆ, ಕತ್ತಿನಲ್ಲಿ, ಅವರೆಕಾಳಿನಷ್ಟು ಗಂಟೊಂದು ತಗುಲಿತು. ಬಾಯಿ ಮುಚ್ಚಿಕೊಂಡು ಡಾಕ್ಟರ ಹತ್ತಿರ ಓಡಿದ್ದರೆ ಎಷ್ಟೋ ವಾಸಿಯಿತ್ತು. "ಅಯ್ಯೋ, ಗಂಟು!" ಎಂದು ಕೂಗಿಬಿಟ್ಟರು.

ತೈನಾನಿನ ಆ ಓಣಿಯಲ್ಲಿ ಕೂಗಿದ್ದು ಯಾರಿಗೂ ಕೇಳಿಸದೆ ಇರುವುದುಂಟೆ? ಎದುರಿನ ಮೀನುಗಂಜಿ ಅಂಗಡಿಯ ಗಿಮ್ ಅಜ್ಜಿ ಸೌಟು ಹಿಡಿದೇ ಒಳಗೆ ಬಂದಳು. ಪುಟ್ಟ ಪಿನ್‌ಯಿಯ ಕತ್ತನ್ನು ಮಾವಿನಹಣ್ಣು ಒತ್ತಿ ನೋಡುವಂತೆ ಒತ್ತಿದಳು.

"ಹಂದಿಬಾವು ಇದು. ನಾಳೆಗೆ ಮುಖ ಹಂದಿ ಥರ ಊದ್ಕೊಳ್ಳುತ್ತೆ. ಹಂದೀನ ತಿನ್ನೋದು ಯಾವ್ದು? ಹುಲಿ! ಕತ್ತಿನ ಮೇಲೆ ಮಸೀಲಿ 'ಹುಲಿ' ಅಂತ ಬರೀಬೇಕು. ಅದೂ ನಮ್ಮ ಪಂಚಾಂಗದ ಹುಲಿ ವರ್ಷದಲ್ಲಿ ಹುಟ್ಟಿದೋರೇ ಬರೀಬೇಕು."

"ನಮ್ಮ ಅಳಿಯಂದ್ರು ಹುಲಿ ವರ್ಷದೋರೇ!" ಅಡುಗೆಮನೆಯಿಂದ ಅತ್ತೆ ಕೂಗಿದರು.

"ಅತ್ತೆ, ನಾನು ವಿಜ್ಞಾನ ಹೇಳ್ಕೊಡೋನು!"

"ಬೇಡ ಅಂದೋರ್ಯಾರು? ಸ್ಕೂಲಲ್ಲಿ ಹೇಳ್ಕೊಡಿ. ಮನೇಲಿ ಬರೀರಿ."

ಬರೆಯದೆ ಹೊಸ್ತಿಲು ದಾಟಲು ಬಿಡುವ ಹಾಗೆ ಕಾಣಲಿಲ್ಲ. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಬರೆದರು.

"ಇಷ್ಟು ಸಣಕಲು ಹುಲಿ ಹಂದೀನ ತಿನ್ನುತ್ತಾ? ದಪ್ಪಗೆ ತಿದ್ದಿ!" ಎಂದಳು ಅಜ್ಜಿ. ತಿದ್ದಿದರು.

ದವಾಖಾನೆಯಲ್ಲಿ ಡಾಕ್ಟರ್ ಹುಂಗ್ ಕನ್ನಡಕ ಸರಿಮಾಡಿಕೊಂಡರು. "ಇದು ಮಗುವಿನ ಕತ್ತೋ, ಅಂಗಡಿ ಬೋರ್ಡೋ? ಚರ್ಮ ಕೆಂಪಾಗಿದೆಯಾ ನೋಡ್ಬೇಕು, ಏನ್ರೀ ಕಾಣುತ್ತೆ ಇದರಲ್ಲಿ?"

ನರ್ಸಮ್ಮ ಹತ್ತಿಗೆ ಸ್ಪಿರಿಟ್ ಹಾಕಿ ಉಜ್ಜಿದರು. ಮಗು ಅತ್ತಿತು. ಹುಲಿ ಅರ್ಧ ಹೋಯಿತು, ಕತ್ತು ಪೂರ್ತಿ ಕೆಂಪಾಯಿತು.

"ಈಗ ಕೆಂಪಾಯ್ತು. ಗಂಟಿಂದಲೋ ನಮ್ಮ ಹತ್ತಿಯಿಂದಲೋ, ದೇವರೇ ಬಲ್ಲ! ಏನು ಕೆಲಸ ನಿಮ್ಮದು?"

"ಮೇಷ್ಟ್ರು."

"ಏನು ಪಾಠ?"

"...ವಿಜ್ಞಾನ."

"ಒಬ್ಬ ಅಜ್ಜಿಗೆ ಎದುರು ಹೇಳೋಕಾಗಲ್ವಾ ನಿಮಗೆ?"

ಮೇಷ್ಟ್ರಿಗೆ ನೆಲ ಬಿರಿಯಬಾರದೆ ಅನ್ನಿಸಿತು. ಅಷ್ಟರಲ್ಲಿ ಡಾಕ್ಟರು ಮಗುವಿನ ಕೂದಲು ಸರಿಸಿ, ಕೆರೆದು ಕೀವಾದ ಸೊಳ್ಳೆ ಕಡಿತವೊಂದನ್ನು ಪತ್ತೆ ಮಾಡಿದರು. "ಇದರಿಂದ ಕತ್ತಿನ ಗ್ರಂಥಿ ಊದಿದೆ, ಅಷ್ಟೆ. ಮೆತ್ತಗಿದೆ, ಒತ್ತಿದ್ರೆ ಜರುಗುತ್ತೆ. ಮುಲಾಮು ಹಚ್ಚಿ. ಎರಡು ವಾರದಲ್ಲಿ ಇಳಿಯದಿದ್ರೆ, ಇಲ್ಲ ದೊಡ್ಡದಾದ್ರೆ, ಮತ್ತೆ ಬನ್ನಿ."

ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಆ ಖುಷಿಯಲ್ಲಿ ಓಣಿಗೆ ಬಂದವರೇ "ಏನೂ ಇಲ್ಲವಂತೆ!" ಎಂದರು. ಇದು ಆ ದಿನದ ಎರಡನೇ ತಪ್ಪು.

"ಕೇಳಿದ್ರಾ! ಬೆಳಿಗ್ಗೆ ಗಂಟಿತ್ತು, ಡಾಕ್ಟ್ರು ನೋಡೋ ಹೊತ್ತಿಗೆ ಏನೂ ಇಲ್ಲ. ಹುಲಿ ತಿಂದ್ಹಾಕ್ತು!" ಗಿಮ್ ಅಜ್ಜಿ ಸಾರಿದಳು.

ಮಧ್ಯಾಹ್ನದೊಳಗೆ ಬಾಗಿಲಲ್ಲಿ ಏಳು ಮಕ್ಕಳು. ಒಬ್ಬನಿಗೆ ಹಲ್ಲುನೋವು, ಒಬ್ಬಳಿಗೆ ಮೊಣಕೈ ಗಾಯ. "ಎಲ್ಲರೂ ಹುಂಗ್ ಡಾಕ್ಟರ ಹತ್ತಿರ ಹೋಗಿ!" ಎಂದು ಗಂಟಲು ಹರಿಯುವಂತೆ ಕೂಗಿ ಮೇಷ್ಟ್ರು ಚಿಲಕ ಹಾಕಿದರು.

ಸಂಜೆ ಮತ್ತೆ ಬಾಗಿಲು ಬಡಿದ ಸದ್ದು.

"ಇಲ್ಲಿ ಹುಲಿ ಬರೆಯಲ್ಲ! ಹುಂಗ್ ಡಾಕ್ಟರ ಹತ್ತಿರ ಹೋಗಿ!"

"ನಾನೇ ಕಣ್ರೀ, ಹುಂಗ್."

ಅಬ್ಬಾ, ಈ ಜನಕ್ಕೆ ಬುದ್ಧಿ ಹೇಳಲು ಒಬ್ಬರಾದರೂ ಬಂದರಲ್ಲ ಎಂದು ಮೇಷ್ಟ್ರು ಓಡಿ ಬಾಗಿಲು ತೆಗೆದರು. ಡಾಕ್ಟರು ಟೋಪಿ ಹುಬ್ಬಿನವರೆಗೆ ಎಳೆದುಕೊಂಡು, ಕೆನ್ನೆ ಊದಿದ ಮಗನ ಕೈ ಹಿಡಿದು ನಿಂತಿದ್ದರು. ಬೆನ್ನಿಗೆ ಅವರ ತಾಯಿ, ಕೈಯಲ್ಲಿ ಮಸಿ, ಕುಂಚ.

"ಹಲ್ಲಿನ ಬಾವು ಅಷ್ಟೆ, ಔಷಧ ಕೊಟ್ಟಿದ್ದೀನಿ. ನಮ್ಮಮ್ಮ ಕೇಳ್ತಿಲ್ಲ," ಡಾಕ್ಟರು ಪಿಸುಗುಟ್ಟಿದರು. "ಆದಷ್ಟು ಸಣ್ಣಗೆ ಬರೀರಿ ಮೇಷ್ಟ್ರೇ."

"ದಪ್ಪಗೆ!" ಎಂದಿತು ಹಿಂದಿನ ದನಿ.

ಎದುರುಗಡೆ ಗಿಮ್ ಅಜ್ಜಿ ಸೌಟಿನಿಂದ ಪಾತ್ರೆ ಬಡಿದಳು. "ಎಲ್ಲಾ ಬನ್ರೋ, ಸಾಲಾಗಿ ನಿಂತ್ಕೊಳ್ಳಿ! ಡಾಕ್ಟ್ರೇ ಮಗನ್ನ ಕರ್ಕೊಂಡು ಬಂದಿದ್ದಾರೆ!"

ಮೇಷ್ಟ್ರು ಕುಂಚ ಎತ್ತಿಕೊಂಡರು.