ಗೆರೆಯಪ್ಪ ಕಿತ್ತ ತೇಪೆ

ಗೆರೆಯಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪ್ರಯೋಗಾಲಯದ ಅಂಕಿಗಳನ್ನೆಲ್ಲ ಗ್ರಾಫಿನ ಗೆರೆಯಾಗಿಸುವ ಸ್ಕ್ರಿಪ್ಟ್ ಲೈಬ್ರರಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಮುಗಳ ಕಟ್ಟು, ಅವನ ಸುಪರ್ದಿಯಲ್ಲಿತ್ತು, ಅದಕ್ಕೇ ಆ ಪಟ್ಟ. ಮೂರು ವರ್ಷದಿಂದ ತಾತ್ಕಾಲಿಕ ನೌಕರಿ. ಇವತ್ತು ನಿರ್ದೇಶಕರು ಖಾಯಂ ಆದೇಶಕ್ಕೆ ಸಹಿ ಹಾಕುವವರಿದ್ದರು. ಹೆಂಡತಿ ಆಗಲೇ ತವರಿಗೆಲ್ಲ ಫೋನ್ ಮಾಡಿ ಸುದ್ದಿ ಹಂಚಿಯಾಗಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ಸಹಿಗೆ ಮುಂಚೆ ಒಂದು ಭರ್ಜರಿ ಕೆಲಸ ತೋರಿಸಬೇಕೆಂದು ಪುಣ್ಯಾತ್ಮ ಬೆಳಿಗ್ಗೆಯೇ ಲೈಬ್ರರಿಗೆ ಕೈಹಾಕಿದ.

ಅದಕ್ಕೊಂದು ಹಳೇ ಚಾಳಿ. ನಡುವೆ ಯಾವುದಾದರೂ ದಿನದ ಅಳತೆ ಇಲ್ಲದಿದ್ದರೆ ಆಚೆ ಈಚೆಯ ಚುಕ್ಕಿಗಳನ್ನು ಸದ್ದಿಲ್ಲದೆ ಸೇರಿಸಿ ತೇಪೆ ಹಾಕಿಬಿಡುತ್ತಿತ್ತು. ಗೆರೆಯಪ್ಪ ಆ ತೇಪೆ ಕಿತ್ತ.

ಹತ್ತು ಗಂಟೆಗೆ ಮಣ್ಣಿನ ತೇವ ಅಳೆಯುವ ಮೇಡಂ ಓಡಿಬಂದರು. "ಏನ್ರೀ ಇದು? ನನ್ನ ಗ್ರಾಫು ಇಲಿ ಕಡಿದ ಬಟ್ಟೆ ಥರ ಆಗಿದೆ!"

ಹಿಂದೆಯೇ ಗಾಳಿಯ ವೇಗ ಅಳೆಯುವ ಹಿರಿಯರು. "ನಂದೂ ಹಾಗೇ ಕಣಯ್ಯ. ಮಧ್ಯಾಹ್ನ ಮೀಟಿಂಗಿದೆ. ಮೊದಲಿನ ಥರ ಮಾಡ್ಕೊಡಪ್ಪಾ, ನಿನ್ನ ದಮ್ಮಯ್ಯ."

"ಅಳತೆ ತಗೊಳ್ಳದೆ ಇದ್ರೆ ತೂತು ಬೀಳತ್ತೆ ಸಾರ್. ಲೈಬ್ರರಿ ಏನ್ ಮಾಡತ್ತೆ ಪಾಪ?" ಎಂದು ಗೆರೆಯಪ್ಪ ಕಾಲಮೇಲೆ ಕಾಲು ಹಾಕಿದ.

ಮೀಟಿಂಗಿನಲ್ಲಿ ಎರಡೂ ಗ್ರಾಫು ಗೋಡೆಯ ಮೇಲೆ ಮೂಡಿದವು. ಕಳೆದ ತಿಂಗಳ ಅವೇ ನಾಲ್ಕು ದಿನ, ಎರಡರಲ್ಲೂ ತೂತು. ನಿರ್ದೇಶಕರ ಹುಬ್ಬು ಮೇಲೇರಿತು. "ಇಬ್ಬರೂ ಮಾತಾಡ್ಕೊಂಡು ಕೆಲಸ ತಪ್ಪಿಸಿದ್ರಾ?"

"ಆಣೆಗೂ ಇಲ್ಲ ಸಾರ್!" ಮೇಡಂ ಅಳುವಂತಾದರು. "ಉಪಕರಣ ನಡೀತಾನೇ ಇದ್ವು. ಅಳತೆ ಉಳಿಸ್ಕೊಳ್ಳೋ ಕಂಪ್ಯೂಟರನ್ನೇ ಯಾರೋ ನಿಲ್ಲಿಸಿರಬೇಕು."

"ಯಾರು ಅಂತ ಈಗಲೇ ತೋರಿಸ್ತೀನಿ!" ಗೆರೆಯಪ್ಪ ನುಗ್ಗಿದ. "ನಿಲ್ಲಿಸಿದವರ ಹೆಸರು, ಕಾರಣ ಎಲ್ಲ ಆ ಕಂಪ್ಯೂಟರಲ್ಲೇ ದಾಖಲಾಗಿರತ್ತೆ, ನಮ್ಮ ಲೈಬ್ರರಿ ತೆಗೆದು ತೋರಿಸತ್ತೆ ಸಾರ್."

ಪಟಪಟನೆ ಎರಡು ಸಾಲು ಒತ್ತಿದ. ಗೋಡೆಯ ತುಂಬ ದಪ್ಪಕ್ಷರದಲ್ಲಿ ಅವನದೇ ಹೆಸರು, ನಾಲ್ಕೂ ದಿನದ ಎದುರು. ಕಾರಣ: ಲೈಬ್ರರಿ ಪರೀಕ್ಷೆ.

"ಕಂಪ್ಯೂಟರು ನಿಧಾನ ಆಗ್ತಿತ್ತು ಅಂತ ಒಂಚೂರು ನಿಲ್ಲಿಸಿದ್ದೆ ಸಾರ್... ಶುರು ಮಾಡೋದು ಮರೆತುಹೋಯ್ತು."

ಹಿರಿಯರು ಕೆಮ್ಮಿನಲ್ಲಿ ನಗು ನುಂಗಿದರು. ಆದರೆ ನಿರ್ದೇಶಕರ ಮುಖ ಅರಳಿತು. "ಶಭಾಷ್! ಎಂಥಾ ಲೈಬ್ರರಿ ಕಣ್ರೀ! ತನ್ನನ್ನ ಸಾಕಿದವನ ಮುಲಾಜೂ ನೋಡಲ್ಲ. ಇನ್ನು ತೇಪೆ ಬೇಡ, ಹೀಗೇ ಇರ್ಲಿ."

ಅವರು ಪೆನ್ನು ತೆರೆದರು. ಗೆರೆಯಪ್ಪನಿಗೆ ಹೋದ ಜೀವ ಬಂದಂತಾಯಿತು. ನಿರ್ದೇಶಕರು ಆದೇಶದ ಕಾಗದವನ್ನು ಪಕ್ಕಕ್ಕೆ ಸರಿಸಿ, ಮೀಟಿಂಗಿನ ಪುಸ್ತಕದಲ್ಲಿ ಏನೋ ಬರೆದು ತಲೆಯೆತ್ತಿದರು.

"ಲೈಬ್ರರಿನ ಖಾಯಂ ಮಾಡಿದೀನಿ. ನಿಮ್ಮದು ಮುಂದಿನ ವರ್ಷ ನೋಡೋಣ."