ಹೆಸರಿನ ನಡುವೆ ಕೂತ ಯಜಮಾನರು

ಒಡವೆ ಕಂಡು ನನಗೆ ಹೊಟ್ಟೆಕಿಚ್ಚಾಗುವುದಿಲ್ಲ. ಓಣಿಯಲ್ಲಿ ಯಾರ ಕೊರಳಿಗೆ ಹೊಸ ಸರ ಬಂದರೂ ಮುಟ್ಟಿ ನೋಡಿ, ‘ಛಲೋ ಅದ’ ಎಂದು ಹೇಳಿ, ಮನೆಗೆ ಬಂದು ನೆಮ್ಮದಿಯಿಂದ ರೊಟ್ಟಿ ಬಡಿಯಬಲ್ಲೆ. ಆದರೆ ಇನ್ನೊಬ್ಬಳ ಹೆಸರಿಗೆ ಅಂಟಿಕೊಂಡ ಎರಡು ಅಕ್ಷರ, ಎರಡು ಚುಕ್ಕೆ ಕಂಡು ಹೊಟ್ಟೆ ಉರಿಸಿಕೊಂಡವಳು ಇಡೀ ಬನಹಟ್ಟಿಯಲ್ಲಿ ನಾನೊಬ್ಬಳೇ ಇರಬೇಕು. ಊರೆಲ್ಲ ಮುಂಬಯಿ ರಾಜ್ಯ, ಮೈಸೂರು ರಾಜ್ಯ ಎಂದು ಕಟ್ಟೆಯ ಮೇಲೆ ಕೂತು ವಾದಿಸುತ್ತಿದ್ದ ಕಾಲ ಅದು. ನನ್ನ ವಾದ ಮಾತ್ರ ಒಂದು ಗೋಡೆಯಾಚೆಯ ಮನೆಯೊಡನೆ, ಅದೂ ಮನಸ್ಸಿನಲ್ಲೇ.

ಆ ಮನೆಯಲ್ಲಿದ್ದವರು ಟಿ. ಎನ್. ಕಮಲಮ್ಮ. ನಮ್ಮ ನೇಕಾರರಿಗೆ ನೂಲಿಗೆ ಬಣ್ಣ ಹಾಕುವ ಹೊಸ ರೀತಿ ಕಲಿಸಲೆಂದು ಮೈಸೂರು ಕಡೆಯಿಂದ ಬಂದಿದ್ದ ಮಾಸ್ತರರ ಹೆಂಡತಿ. ಟಿ ಎಂದರೆ ತಿಪಟೂರು, ಎನ್ ಎಂದರೆ ಅವರ ತಂದೆ ನಂಜುಂಡಯ್ಯ. ಮದುವೆಗೆ ಮುಂಚೆಯೂ ಅದೇ ಹೆಸರು, ಆಮೇಲೂ ಅದೇ. ಊರು, ಅಪ್ಪ ಇಬ್ಬರೂ ಮೈ ಮುದುಡಿಕೊಂಡು ಮುಂದೆ ನಡೆದು ದಾರಿ ಬಿಡಿಸುತ್ತಾರೆ. ಹಿಂದಿನಿಂದ ಕಮಲಮ್ಮ ಒಂದಕ್ಷರವೂ ಮುಕ್ಕಾಗದೆ ಬರುತ್ತಾರೆ. ನಮ್ಮ ಕಡೆ ಹಾಗಲ್ಲ. ಮೊದಲು ನಮ್ಮ ಹೆಸರು, ನಡುವೆ ಯಜಮಾನರು, ಕೊನೆಗೆ ಮನೆತನ. ಚಿಕ್ಕದು ಮಾಡಿದರೆ ಸುಮತಿ ಎಂಬ ನಾನು ಬರೀ ಎಸ್, ಯಜಮಾನರು ಜಿ, ಹೊಸಮನಿ ಒಂದೇ ಪೂರ್ತಿ. ಜಿ ಎಂದರೇನೆಂದು ದಯವಿಟ್ಟು ಕೇಳಬೇಡಿ. ಗಂಡನ ಹೆಸರು ಬಾಯಲ್ಲಿ ತರಬಾರದೆಂದು ಅತ್ತೆಯವರ ಕಟ್ಟಳೆ. ಅಂದರೆ ನನ್ನ ಪೂರ್ತಿ ಹೆಸರನ್ನು ಹೇಳುವ ಅಧಿಕಾರ ಟಪಾಲಿನವನಿಗೂ ಉಂಟು, ನನಗೆ ಮಾತ್ರ ಇಲ್ಲ.

ಇದು ಸಾಲದೆಂದು ನಾನು ಕಾನ್ವೆಂಟಿನಲ್ಲಿ ಓದಿದವಳು. ಜಮಖಂಡಿಯ ನಮ್ಮಪ್ಪ ನನ್ನನ್ನು ಬೆಳಗಾವಿಗೆ ಕಳಿಸಿದ್ದರು. ಅಲ್ಲಿ ಕಡಲಾಚೆಯಿಂದ ಬಂದ ಸಿಸ್ಟರ್ ಒಬ್ಬರು ಹೆಸರು ಬರೆಯುವುದನ್ನೇ ಒಂದು ವ್ರತದಂತೆ ಕಲಿಸಿದರು: ಅಕ್ಷರ, ಚುಕ್ಕೆ, ಆಮೇಲೆ ಒಂದು ಅಕ್ಕಿಕಾಳು ಮಲಗುವಷ್ಟು ಜಾಗ. ಜಾಗ ಬಿಡದಿದ್ದರೆ ಕೈಬೆರಳಿನ ಮೇಲೆ ರೂಲುಕಡ್ಡಿ. ಪಾಪ, ಅವರಿಗೇ ಇನಿಷಿಯಲ್ಲು ಇರಲಿಲ್ಲ. ಸನ್ಯಾಸಕ್ಕೆ ಬರುವಾಗ ಅಪ್ಪನ ಹೆಸರು, ಊರಿನ ಹೆಸರು ಎಲ್ಲವನ್ನೂ ಬಿಟ್ಟು ಬಂದಿದ್ದರು. ಅದಕ್ಕೇ ಬೇರೆಯವರದರ ಮೇಲೆ ಅಷ್ಟು ಅಕ್ಕರೆಯೋ ಏನೋ. ಕಮಲಮ್ಮನವರು ಚುಕ್ಕೆ ಇಡುತ್ತಿದ್ದರು, ಜಾಗ ಬಿಡುತ್ತಿರಲಿಲ್ಲ. ಟಿ.ಎನ್.ಕಮಲಮ್ಮ ಎಂದು ತೇರದಾಳದ ಬಸ್ಸಿನಲ್ಲಿ ಜನ ಕೂತ ಹಾಗೆ ಒತ್ತೊತ್ತಾಗಿ ಬರೆಯುತ್ತಿದ್ದರು. ಇದನ್ನು ನಾನು ಯಜಮಾನರಿಗೆ ತೋರಿಸಿದೆ. ಅವರು ಚೀಟಿ ನೋಡಿ, “ಅಕ್ಷರ ಎಷ್ಟ ದುಂಡಗ ಅದಾವ ನೋಡು” ಎಂದರು. ಗಂಡಸರಿಗೆ ಏನು ತೋರಿಸಿದರೂ ಬೇರೆಯದೇ ಕಾಣುತ್ತದೆ.

ಅಷ್ಟರಲ್ಲಿ ನಮ್ಮೂರಿನಲ್ಲಿ ಮಹಿಳಾ ಮಂಡಳ ಶುರುವಾಯಿತು. ಅಧ್ಯಕ್ಷರು ಊರ ದೇಸಾಯರ ಮನೆಯ ಹಿರಿಯ ಹೆಂಗಸು, ಎಲ್ಲರಿಗೂ ‘ಹಿರಿಯ ಬಾಯಿ’. ಕಾರ್ಯದರ್ಶಿ ಯಾರೆಂದು ಸದಸ್ಯರ ಹೆಸರು ಬರೆಸುವ ದಿನವೇ ಕೈ ಎತ್ತಿಸಿ ಗೊತ್ತುಮಾಡುವುದೆಂದಾಯಿತು. ಆ ಕೆಲಸ ನನ್ನದೇ ಎಂದು ಒಂದು ವಾರ ಮೊದಲೇ ಶಾಯಿಯಲ್ಲದ್ದಿ ಬರೆಯುವ ಹೊಸ ಟಾಕು ತರಿಸಿ ಇಟ್ಟುಕೊಂಡಿದ್ದೆ. ಹೋಗಿ ನೋಡಿದರೆ ರಿಜಿಸ್ಟರಿನ ಮುಂದೆ ಕಮಲಮ್ಮ ಕೂತಿದ್ದರು.

ಮೊದಲು ಬಂದವಳು ನೇಕಾರರ ಓಣಿಯ ನೀಲವ್ವ.

“ಹೆಸರು ಹೇಳಿ.”

“ನೀಲವ್ವರೀ.”

“ಯಜಮಾನರ ಹೆಸರು?”

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಯ್ಯ, ಹಂಗ ಬಾಯಿ ಬಿಟ್ಟು ಹೆಂಗ ಹೇಳೂದ್ರೀ ಬಾಯಾರ?”

“ಒಡಪು ಹಾಕಿ ಹೇಳ ಬೇ!” ಎಂದು ಹಿಂದಿನಿಂದ ಕೂಗಿದರು. ಗಂಡನ ಹೆಸರನ್ನು ಹೇಳಲೇಬೇಕಾಗಿ ಬಂದರೆ ಪ್ರಾಸವಿಟ್ಟ ಎರಡು ಸಾಲಿನೊಳಗೆ ಅದನ್ನು ಬಚ್ಚಿಟ್ಟು ಹೇಳುವುದು ನಮ್ಮ ಕಡೆಯ ಪದ್ಧತಿ, ಅದೇ ಒಡಪು. ನೀಲವ್ವ ಗಂಟಲು ಸರಿಮಾಡಿಕೊಂಡಳು:

“ತೇರದಾಳ ಸಂತ್ಯಾಗ ತಂದೀನಿ ಹಿತ್ತಾಳಿ ಪರಾತ, ಮಲ್ಲಪ್ಪನವರು ಬರೂದ್ರಾಗ ನನ್ನ ಹಸಿವಿ ಹೋತ ಮರತ!”

ಹೋ ಎಂದು ನಗು ಎದ್ದಿತು. ಕಮಲಮ್ಮನವರಿಗೆ ಈ ಪದ್ಧತಿ ಗೊತ್ತಿಲ್ಲ. ಪರಾತವೆಂಬ ತಟ್ಟೆ ಎಲ್ಲಿ ಮುಗಿಯಿತು, ಹೆಸರು ಎಲ್ಲಿ ಶುರುವಾಯಿತು ತಿಳಿಯದೆ, “ನಿಧಾನವಾಗಿ ಹೇಳಿ ತಾಯಿ” ಎನ್ನುತ್ತ ಅಷ್ಟನ್ನೂ ಯಜಮಾನರ ಹೆಸರಿನ ಕಾಲಮ್ಮಿನಲ್ಲಿ ಬರೆದುಕೊಂಡರು. ಒಂದು ತಾಸಿಗೆ ನಾಲ್ಕು ಹೆಸರಾಯಿತು. ನನಗೆ ಒಳಗೊಳಗೇ ಹಬ್ಬ. ಇದೇ ಹೊತ್ತು ಎಂದು ಎದ್ದು ನಿಂತೆ.

“ಒಡಪೂ ಬ್ಯಾಡ, ಏನೂ ಬ್ಯಾಡ. ಅವರ ಹೆಸರಿನ ಮೊದಲಿನ ಅಕ್ಷರ ಅಷ್ಟ ಹೇಳ್ರಿ. ಮುಂದ ಒಂದು ಚುಕ್ಕಿ. ನಾಚಿಕಿನೂ ಉಳೀತು, ಹೊತ್ತೂ ಉಳೀತು.”

ರಿಜಿಸ್ಟರನ್ನು ನನ್ನ ಕಡೆ ಎಳೆದುಕೊಂಡು ಹೊಸ ಟಾಕಿನಿಂದ ಬರೆಯತೊಡಗಿದೆ. ಎಂ, ಚುಕ್ಕೆ. ಬಿ, ಚುಕ್ಕೆ. ನಮ್ಮ ಅತ್ತೆಯವರೂ ಬಂದು “ರಾ” ಎಂದಷ್ಟೇ ಹೇಳಿ ಮುಖ ಗಂಟುಹಾಕಿಕೊಂಡು ಹೋದರು. ಹತ್ತು ನಿಮಿಷದಲ್ಲಿ ಉಳಿದವರೆಲ್ಲ ಮುಗಿದರು. ಪುಟ ಎಷ್ಟು ಚೊಕ್ಕಟವಾಗಿತ್ತೆಂದರೆ ಸಿಸ್ಟರ್ ಕಂಡಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಹಿರಿಯ ಬಾಯಿಯವರು ಕೈ ಎತ್ತಲು ಹೇಳಿದರು. ಕಮಲಮ್ಮನವರ ಹೆಸರಿಗೆ ಬಳೆಗಳೆಲ್ಲ ಒಮ್ಮೆಲೇ ಸದ್ದು ಮಾಡಿದವು. ಅದರಲ್ಲಿ ನಾನು ಚೆನ್ನಾಗಿ ಬಲ್ಲ ಹಸಿರು ಬಳೆಗಳೂ ಇದ್ದವು: ಅತ್ತೆಯವರವು.

ಹೊರಗೆ ನೀಲವ್ವನನ್ನು ತಡೆದು, ಎಲ್ಲರೂ ಅವರಿಗೇ ಕೈ ಎತ್ತಿದ್ದೇಕೆಂದು ಕೇಳಿಯೇಬಿಟ್ಟೆ.

“ಸಿಟ್ಟಾಗಬ್ಯಾಡ್ರಿ ವೈನಿ” ಎಂದಳು ಅವಳು. “ನಿಮ್ಮ ಕೆಲಸ ಛಲೋನ ಆತು. ಖರೆ, ಹೆಸರ ಬರಸೂದೈತಿ ಅಂತ ಗೊತ್ತಾದಾಗಿಂದ ನಾವು ಮಗ್ಗದ ಮುಂದ ಕುಂತು ಒಡಪು ಕಟಗೊಂಡು ಬಂದಿದ್ದೆವ್ರಿ. ನಿಮ್ಮ ಅತ್ತಿನೂ ಕಟಗೊಂಡು ಬಂದಿದ್ರು. ಆ ಬಾಯಾರು ಕೇಳಿ ಬರಕೊಂಡ್ರು. ನೀವು ಚುಕ್ಕಿ ಇಟ್ಟು ಬಾಯಿ ಮುಚ್ಚಿಸಿದ್ರಿ.”

ಮೂರು ದಿನ ಗೋಡೆಯಾಚೆಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಕಮಲಮ್ಮನವರೇ ಬಂದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತರು.

“ನಿಮ್ಮನ್ನೆಲ್ಲ ಕಂಡ್ರೆ ನಂಗೆ ಹೊಟ್ಟೆಕಿಚ್ಚು ಕಣ್ರೀ. ನನ್ನ ಹೆಸರಲ್ಲಿ ಊರಿಗೆ ಜಾಗ ಇದೆ, ನಮ್ಮನೆಯವರಿಗೆ ಒಂದಕ್ಷರದ ಜಾಗ ಇಲ್ಲ. ಯಾರೂ ಕೇಳೋದೂ ಇಲ್ಲ, ನಾನು ನಾಚ್ಕೊಂಡು ಹೇಳೋದೂ ಇಲ್ಲ. ನಂಗೊಂದು ಒಡಪು ಕಲಿಸ್ತೀರಾ?”

ನನ್ನನ್ನು ಕಂಡು ಹೊಟ್ಟೆಕಿಚ್ಚು! ಆ ಮಾತಿಗೆ ಎಷ್ಟು ಹಿಗ್ಗಿದೆನೆಂದರೆ ರೊಟ್ಟಿ ಸೀದದ್ದೂ ತಿಳಿಯಲಿಲ್ಲ. ಧಾರಾಳವಾಗಿ ಕಲಿಸಿದೆ, ಅವರ ಯಜಮಾನರ ಹೆಸರು ಹೊಂದುವಂತೆ ತಿದ್ದಿಯೂ ಕೊಟ್ಟೆ. ಮುಂದಿನ ಸಭೆಯಲ್ಲಿ ಕಾರ್ಯದರ್ಶಿ ಎದ್ದು ನಿಂತು, ಕೆನ್ನೆ ಕೆಂಪಗೆ ಮಾಡಿಕೊಂಡು, ಮೈಸೂರು ಸೀಮೆಯ ದನಿಯಲ್ಲಿ ಹೇಳಿದರು:

“ಬನಹಟ್ಟಿ ಮಗ್ಗದಾಗ ನೇಯ್ದಾರ ಹಸರ ಸೀರಿ ಅಂಚ, ಸೀತಾರಾಮಯ್ಯನವರ ಸಿಟ್ಟಿಗೆ ಬೆಲ್ಲ ಬೇಕು ಕೊಂಚ!”

ಹೆಂಗಸರು ಮೂರು ಸಲ ಹೇಳಿಸಿದರು. ಅತ್ತೆಯವರು ಅವರ ಕೆನ್ನೆ ನೇವರಿಸಿ ಲಟಿಕೆ ಮುರಿದರು. ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಮುರಿದವರಲ್ಲ. ಆಗ ನೀಲವ್ವ ನನ್ನ ಕಡೆ ತಿರುಗಿ, “ಈಗ ನೀವ್ರಿ ವೈನಿ, ಚುಕ್ಕಿ ಬಿಟ್ಟು ಪೂರಾ ಹೆಸರು ಬರಲಿ!” ಎಂದಳು. ಎದ್ದು ನಿಂತೆ. ಬಾಯಿ ತೆರೆದೆ. “ಜಿ” ಎಂದೆ. ಅಲ್ಲಿಗೇ ನಿಂತಿತು. ಎಲ್ಲರೂ ನನ್ನ ನಾಚಿಕೆ ಕಂಡು ಮೆಚ್ಚಿ ನಕ್ಕರು. ನಾಚಿಕೆ ಎಲ್ಲಿಯದು? ನನಗೆ ಬರುತ್ತಿದ್ದದ್ದು ಅದೊಂದೇ ಒಡಪು. ಅದನ್ನು ಕಮಲಮ್ಮನವರಿಗೆ ಕೊಟ್ಟುಬಿಟ್ಟಿದ್ದೆ.