ದೇವರ ಕರುವಿನ ಕಾಲಿಗೆ ದೊಡ್ಡಪ್ಪನ ಬಳೆ

ಸುಮ್ಮನೆ ಕೂತಿದ್ದರೆ ಯಾವ ತಂಟೆಯೂ ಬರುವುದಿಲ್ಲ ಎಂದು ನಂಬಿ ಹದಿನಾರು ವರ್ಷ ಕೂತವನು ನಾನು. ಆದರೆ ತಂಟೆಗೆ ಕಾಲಿದೆ. ನಾನು ಹೋಗದಿದ್ದರೂ ಅದೇ ಹುಡುಕಿಕೊಂಡು ಬರುತ್ತದೆ.

೧. ಬಳೆ ತೊಟ್ಟ ದಿನ

ಒಂಬತ್ತನೇ ಕ್ಲಾಸಿನ ಬೆಂಚು ನನ್ನ ಭಾರ ತಾಳಲಾರದೆ ಮುರಿದ ವಾರವೇ ನಾನು ಶಾಲೆ ಬಿಟ್ಟೆ. ಆಮೇಲೆ ತಮಿಳುನಾಡಿನ ಕೊಂಬೈ ಊರಿನ ನಮ್ಮ ಮನೆ ಜಗಲಿಯೇ ನನ್ನ ಕಚೇರಿ. ಒಂದು ದಿನ ಜ್ವರಕ್ಕೆಂದು ಆಸ್ಪತ್ರೆಗೆ ಹೋದರೆ ಡಾಕ್ಟರಮ್ಮ ರಕ್ತ ತೆಗೆಸಿ, ಚೀಟಿ ನೋಡಿ, ಅಮ್ಮನಿಗೆ ಹೇಳಿದರು: "ಸಕ್ಕರೆ ಬಾಗಿಲಲ್ಲಿ ನಿಂತಿದೆ. ತಂಬಿ ನಡೆದರೆ ವಾಪಸ್ ಹೋಗುತ್ತೆ, ಕೂತರೆ ಒಳಗೆ ಬರುತ್ತೆ. ಪೊಂಗಲ್ ಮುಗಿದ ಮೇಲೆ ಇನ್ನೊಂದು ಸಾರಿ ರಕ್ತ ನೋಡೋಣ."

ಅಮ್ಮನ ಅಪ್ಪನಿಗೆ ಸಕ್ಕರೆ ಬಂದು ಒಂದು ಕಾಲು ತೆಗೆದಿದ್ದರು. ಅಂದಿನಿಂದ ದಿನಾ ಸಂಜೆ ನನ್ನ ಪಾದ ತಿರುಗಿಸಿ ನೋಡುವುದು ಅವಳಿಗೆ ಅಭ್ಯಾಸವಾಯಿತು.

ಸುದ್ದಿ ದಿಂಡಿಗಲ್ಲಿನ ದೊಡ್ಡಪ್ಪನಿಗೆ ಹೋಯಿತು. ಅವರು ಪಿ.ಟಿ. ಮೇಷ್ಟ್ರು. ಮೊದಲ ಬಸ್ಸಿಗೇ ಬಂದು ನನ್ನ ಕೈಗೊಂದು ಕಪ್ಪು ಬಳೆ ತೊಡಿಸಿದರು. ನಡೆದದ್ದು, ನಾಡಿ ಬಡಿದದ್ದು ಎಲ್ಲ ಆ ಬಳೆಗೆ ಗೊತ್ತಾಗುತ್ತದಂತೆ. ಹತ್ತಿರದಲ್ಲಿ ನನ್ನ ಫೋನ್ ಇದ್ದರೆ ಅದರ ಆಪ್ ಮೂಲಕ ಲೆಕ್ಕ ದೊಡ್ಡಪ್ಪನ ಫೋನಿಗೂ ಹೋಗುತ್ತದೆ. ಸಾಕಷ್ಟು ನಡೆದರೆ ಆಪಿನಲ್ಲಿ ಒಂದು ಉಂಗುರ ಹಸಿರಾಗುತ್ತದೆ.

"ಒಂದು ವಾರ ಉಂಗುರ ಹಸಿರಾಗದಿದ್ರೆ ದಿಂಡಿಗಲ್ಲಿಗೆ ಎತ್ತಾಕ್ಕೊಂಡು ಓಯ್ತೀನಿ" ಅಂದರು ದೊಡ್ಡಪ್ಪ.

ಆ ಮನೆಯನ್ನು ನಾನು ನೋಡಿದ್ದೇನೆ. ಏಳಲು ಒಂದು ವಿಸಿಲ್, ಉಣ್ಣಲು ಒಂದು ವಿಸಿಲ್. ದೊಡ್ಡಮ್ಮನ ಕುಕ್ಕರ್ ಕೂಗಿದರೆ ಸಾಕು, ಮಕ್ಕಳು ಎದ್ದು ಸಾಲಾಗಿ ನಿಲ್ಲುತ್ತವೆ.

೨. ತೊಟ್ಟಿಲ ನಡಿಗೆ

ಮಾರನೆಯ ದಿನ ಬೀದಿ ಕೊನೆಯವರೆಗೆ ನಡೆದೆ. ಉಂಗುರದಲ್ಲಿ ಇಲಿಬಾಲದಷ್ಟು ಹಸಿರು ಬಂತು. ಹೀಗಾದರೆ ನಾನು ದಿಂಡಿಗಲ್ಲಿಗೆ ಹೋಗುವುದು ಗ್ಯಾರಂಟಿ.

ಬಾಣಂತನಕ್ಕೆ ಬಂದ ಅಕ್ಕ ಮಗುವನ್ನು ಸೀರೆ ತೊಟ್ಟಿಲಲ್ಲಿ ಹಾಕಿ ತೂಗುತ್ತಿದ್ದಳು. ಸೀರೆ ಆ ಕಡೆ ಹೋಗಿ ಈ ಕಡೆ ಬರುವುದನ್ನು ನೋಡಿದವನಿಗೆ ದಾರಿ ಕಾಣಿಸಿತು. ಬಳೆ ಬಿಚ್ಚಿ ಸೀರೆಗೆ ಕಟ್ಟಿದೆ. "ನೀನು ಮಲಕ್ಕೊ ಓಗಕ್ಕಾ, ನಾನು ತೂಗ್ತೀನಿ" ಅಂದೆ. ಅಕ್ಕನ ಕಣ್ಣಲ್ಲಿ ನೀರು ಬಂತು. ಬಿಸಿಲೇರುವುದರೊಳಗೆ ಉಂಗುರ ಪೂರ್ತಿ ಹಸಿರು.

ಆಗಲೇ ದೊಡ್ಡಪ್ಪನ ಫೋನ್.

"ಲೇ, ಎಲ್ಲಿದ್ದೀಯಾ?"

"ನಡೀತಾ ಇವ್ನಿ ದೊಡ್ಡಪ್ಪ."

"ನಡೀತಾ ಇರೋದು ಕಾಣ್ತದೆ. ನಾಡಿ ಕಾಣ್ತಿಲ್ಲ. ಬದುಕಿದ್ದೀಯಾ ಇಲ್ವಾ, ಅದನ್ನ ಮೊದ್ಲು ಹೇಳು."

೩. ಅತ್ತೆಯ ಎದೆ

ನಡೆಯಬೇಕು, ನಾಡಿಯೂ ಇರಬೇಕು. ಪಕ್ಕದ ಮನೆಯ ನಮ್ಮತ್ತೆ, ಅಪ್ಪನ ತಂಗಿ, ದಿನವಿಡೀ ದ್ರಾಕ್ಷಿ ತೋಟದಲ್ಲಿ ಚಪ್ಪರದ ಕೆಳಗೆ ಓಡಾಡುವವಳು. "ಹೊಸ ಮಾಡಲ್ ಬಳೆ ಅತ್ತೆ" ಅಂದದ್ದೇ ಕೈ ನೀಡಿದಳು. ಸಂಜೆ ಅವಳು ನಮ್ಮ ಮನೆಗೆ ಟಿ.ವಿ. ನೋಡಲು ಬಂದ ತಕ್ಷಣ ಉಂಗುರ ತಾನಾಗಿ ತುಂಬುತ್ತಿತ್ತು. ನಾಲ್ಕು ದಿನ ನಾನು ರಾಜ.

ಐದನೆಯ ಸಂಜೆ ಅಪ್ಪನಿಗೆ ದೊಡ್ಡಪ್ಪನ ಫೋನ್: "ಕಾರು ತಗೊಂಡು ಆಸ್ಪತ್ರೆಗೆ ನಡಿ. ಹುಡುಗ ಕೂತಲ್ಲೇ ಕೂತಿದ್ದಾನೆ, ನಾಡಿ ಕುದುರೆ ಥರ ಓಡ್ತಾ ಅದೆ. ದಿನಾ ಇದೇ ಹೊತ್ತಿಗೆ."

ಅಮ್ಮನ ಮುಖ ನೋಡಿದ ಮೇಲೆ ಬಳೆ ಅತ್ತೆಯ ಕೈಯಲ್ಲಿದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಅಪ್ಪ, ಪಕ್ಕದ ಮನೆಯವರು ಎಲ್ಲ ಸೇರಿ ನನ್ನನ್ನು ಎತ್ತಲು ನೋಡಿದರು, ಆಗಲಿಲ್ಲ. ನಾನೇ ನಡೆದು ಹೋಗಿ ಕಾರು ಹತ್ತಿದೆ. ಡಾಕ್ಟರಮ್ಮ ಎದೆಗೆ ತಂತಿಯೆಲ್ಲ ಅಂಟಿಸಿ ನೋಡಿ, ಏನೂ ಇಲ್ಲ ಅಂದರು. ಅಮ್ಮ ಮಾತ್ರ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ವಾಪಸ್ ಬಂದವನೇ ಅತ್ತೆಯನ್ನು ಮೂಲೆಗೆ ಕರೆದೆ. "ಏನತ್ತೆ ಮಾಡ್ತಿದ್ದೆ ಆ ಹೊತ್ತಲ್ಲಿ?"

"ಸೀರಿಯಲ್ ನೋಡ್ತಿದ್ದೆ ಕಣ್ಲಾ. ಬಸುರಿ ಸೊಸೆ ಹಾಲಿಗೆ ವಿಷ ಹಾಕವ್ಳೆ ಆ ಮುದುಕಿ. ನಾಲ್ಕು ದಿನದಿಂದ ಲೋಟ ಬಾಯಿ ಹತ್ರನೇ ನಿಂತದೆ. ಎದೆ ಓಡ್ದೆ ಇನ್ನೇನು ಮಾಡೀತು?"

೪. ಸಾಮಿದು

ಆಮೇಲೆ ದೊಡ್ಡಪ್ಪ ಗಂಟೆಗೊಂದು ಸಾರಿ ಆಪ್ ನೋಡತೊಡಗಿದರು. ನನಗೆ ಬೇಕಾದದ್ದು ನಡೆಯುವ, ನಾಡಿಯಿರುವ, ಸೀರಿಯಲ್ ನೋಡದ ಪ್ರಾಣಿ.

ನಮ್ಮ ಕುಲದವರಿಗೆ ದೇವರ ದನಗಳ ಮಂದೆಯೊಂದಿದೆ. ಹರಕೆಗೆ ಬಿಟ್ಟ ದನಗಳು. ಅವುಗಳ ಹಾಲು ಕರೆಯುವುದಿಲ್ಲ, ಉಳಲು ಕಟ್ಟುವುದಿಲ್ಲ, ಮೂಗುದಾರ ಹಾಕುವುದಿಲ್ಲ. ಹಗಲೆಲ್ಲ ಬೆಟ್ಟದ ಬುಡದಲ್ಲಿ ಮೇಯುತ್ತವೆ. ಒಂದು ಬೆಳಿಗ್ಗೆ ದೊಡ್ಡಿಗೆ ಹೋಗಿ ಬಡಕಲು ಕರುವೊಂದರ ಮುಂಗಾಲಿಗೆ ಬಳೆ ತೊಡಿಸಿದೆ. ಹಿಂದೆ ದೊಡ್ಡಿ ಕಾಯುವ ತಾತ ನಿಂತಿದ್ದ.

"ಕಟ್ಟಿದ್ಯಾ?"

"ಸಂಜೆ ಬಿಚ್ಚಿಕೊಳ್ತೀನಿ ತಾತ."

"ದೇವರ ದನಕ್ಕೆ ಕಟ್ಟಿದ್ದನ್ನ ಮನುಸ ಬಿಚ್ಚಂಗಿಲ್ಲ. ಇನ್ನು ಅದು ಸಾಮಿದು. ಅದಾಗೇ ಬಿದ್ರೆ ತಗೊ."

"ಯಾವಾಗ ಬೀಳ್ತದೆ?"

"ಸಾಮಿನೇ ಕೇಳು."

ಬಳೆ ಸಾಮಿಯ ಹತ್ತಿರ, ಫೋನ್ ನನ್ನ ಹತ್ತಿರ, ವಿಸಿಲ್ ದೊಡ್ಡಪ್ಪನ ಹತ್ತಿರ. ಗಂಟೆಗೊಮ್ಮೆ ಆಪ್ ನೋಡುವ ದೊಡ್ಡಪ್ಪನಿಗೆ ಕರು ದೂರ ಹೋದರೆ ಲೆಕ್ಕ ನಿಂತಂತೆ, ಲೆಕ್ಕ ನಿಂತರೆ ದಿಂಡಿಗಲ್. ಬೇರೆ ದಾರಿಯಿಲ್ಲದೆ ಮಂದೆಯ ಹಿಂದೆ ಹೊರಟೆ.

"ಚಪ್ಪಲಿ ಬಿಡು" ಅಂದ ತಾತ. ಈ ದನಗಳ ಹಿಂದೆ ಬರಿಗಾಲಲ್ಲೇ ಹೋಗಬೇಕು.

ಮುಳ್ಳು, ಕಲ್ಲು, ಏರು. ಮೊದಲ ದಿನ ಸತ್ತೇಹೋದೆ ಅಂದುಕೊಂಡೆ. ಕರುವಿಗೆ ಕರುಣೆಯೇ ಇಲ್ಲ. ಅದನ್ನು ಹತ್ತಿರ ಉಳಿಸಿಕೊಳ್ಳಲು ಅಮ್ಮ ಕಟ್ಟಿಕೊಟ್ಟ ಬಾಳೆಹಣ್ಣು, ಮುರುಕು, ಬೆಲ್ಲದ ಉಂಡೆ ಎಲ್ಲ ಅದರ ಬಾಯಿಗೇ ಹಾಕಿದೆ. ಪೊಂಗಲ್ ತನಕ ದಿನಾ ಇದೇ. ಸಂಜೆ ಅಮ್ಮ ಪಾದ ತಿರುಗಿಸಿ ನೋಡಿ, ಮುಳ್ಳು ಕೀಳುತ್ತಾ ಒಳಗೊಳಗೇ ನಗುತ್ತಿದ್ದಳು.

ಊರವರು ನಾನು ಸಾಮಿಗೆ ಹರಕೆ ಹೊತ್ತಿದ್ದೇನೆ ಅಂದುಕೊಂಡರು. ದಾರಿಯಲ್ಲಿ ಇಬ್ಬರು ಮುದುಕಿಯರು ನನ್ನ ಕಾಲಿಗೂ ಬಿದ್ದರು. ಕರುವಿಗೆ ಅದು ಸರಿಬರಲಿಲ್ಲ, ನನ್ನನ್ನು ಹಿಂದಿನಿಂದ ಹಾಯ್ದಿತು.

೫. ರಕ್ತ

ಹಬ್ಬ ಮುಗಿದ ಮೇಲೆ ಕರು ಮರಕ್ಕೆ ಕಾಲು ಉಜ್ಜಿದಾಗ ಬಳೆ ಬಿತ್ತು. ಮಾರನೆಯ ದಿನ ರಕ್ತ ಕೊಟ್ಟು ಕೂತೆವು. ಒಂದು ಕಡೆ ಅಮ್ಮ ಸೆರಗಿನ ತುದಿ ಹಿಂಡುತ್ತಿದ್ದಳು. ಇನ್ನೊಂದು ಕಡೆ ದೊಡ್ಡಪ್ಪ, ಕೊರಳಲ್ಲಿ ವಿಸಿಲ್. ಆಪಿಗೆ ಸುಳ್ಳು ಹೇಳಬಹುದು, ರಕ್ತಕ್ಕೆ ಹೇಗೆ ಹೇಳುವುದು? ಬಳೆ ಕೈಯಲ್ಲಿ ಇದ್ದಿದ್ದರೆ ಆ ಹೊತ್ತಿನ ನನ್ನ ನಾಡಿ ನೋಡಿ ದೊಡ್ಡಪ್ಪ ಮತ್ತೆ ಕಾರು ತರಿಸುತ್ತಿದ್ದರು.

ಡಾಕ್ಟರಮ್ಮ ಚೀಟಿ ನೋಡಿದರು. ತೂಕ ನೋಡಿದರು. ಚೀಟಿ ಮತ್ತೆ ನೋಡಿದರು.

"ಸಕ್ಕರೆ ಹಿಂದಕ್ಕೆ ಹೋಗಿದೆ ತಂಬಿ. ಮಾತ್ರೆ ಬೇಡ."

ಅಮ್ಮ ಅಲ್ಲೇ ಅತ್ತಳು. ದೊಡ್ಡಪ್ಪ ಎದೆ ಉಬ್ಬಿಸಿ ಫೋನ್ ಮುಂದಿಟ್ಟರು. "ಎಲ್ಲಾ ಆಪಿನ ಮಹಿಮೆ ಡಾಕ್ಟ್ರೇ. ದಿನಾ ಹಸಿರು. ನಾನೂ ದಿನಾ ಶಹಬ್ಬಾಸ್ ಅಂತ ಮೆಸೇಜು ಹಾಕ್ತಿದ್ದೆ."

ಡಾಕ್ಟರಮ್ಮ ಆಪ್ ನೋಡಿ ಹುಬ್ಬು ಗಂಟಿಕ್ಕಿದರು. "ಈ ನಾಡಿ ಮನುಷ್ಯರದ್ದಲ್ಲವಲ್ಲ."

ಅಮ್ಮ ಅಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಎಲ್ಲ ಹೇಳಿಬಿಟ್ಟೆ. ತೊಟ್ಟಿಲು, ಅತ್ತೆ, ಕರು, ಬರಿಗಾಲು.

"ಹಂಗಾರೆ ನಾನು ಶಹಬ್ಬಾಸ್ ಅಂದಿದ್ದು ಯಾರಿಗ್ಲಾ?" ಅಂದರು ದೊಡ್ಡಪ್ಪ.

"ಕರುಗೆ ದೊಡ್ಡಪ್ಪ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದರು: "ಕರು ಚೆನ್ನಾಗಿದೆಯಾ?"

"ಚೆನ್ನಾಗದೆ ಡಾಕ್ಟ್ರಮ್ಮ. ನನ್ನ ಮುರುಕು, ಬೆಲ್ಲದ ಉಂಡೆ ಎಲ್ಲ ತಿಂದು ಸಿಕ್ಕಾಪಟ್ಟೆ ದಪ್ಪ ಆಗ್ಬಿಟ್ಟದೆ. ಈಗ ಬೆಟ್ಟ ಹತ್ತು ಅಂದ್ರೆ ಮಲಿಕ್ಕೊಳ್ತದೆ."

ದೊಡ್ಡಪ್ಪ ವಿಸಿಲನ್ನು ಅಂಗಿಗೆ ಒರೆಸಿಕೊಂಡು ಎದ್ದು ನಿಂತರು.

"ಅದನ್ನ ದಿಂಡಿಗಲ್ಲಿಗೆ ಕಳ್ಸು."